ಕಾರ್ನಾಡರ ಎರಡು ನಾಟಕಗಳು ಮತ್ತು ಎರಡು ಒಪೆರಾಗಳು: ಹಾಡಾದ ಪಠ್ಯ ಯಾವುದು?

1. ವ್ಯಾಪ್ತಿ

ಗಿರೀಶ ಕಾರ್ನಾಡರ (1938–2019) ಎರಡು ಕನ್ನಡ ನಾಟಕಗಳಿಗೆ ಪಾಶ್ಚಾತ್ಯ ಒಪೆರಾದೊಂದಿಗೆ ನಂಟಿದೆ. ‘ಹಯವದನ’ದ ತಲೆ ಅದಲುಬದಲಿನ ಕಥೆ ಆ ನಾಟಕ ಹುಟ್ಟುವ ಮೊದಲೇ ಅಮೆರಿಕದಲ್ಲಿ ಒಪೆರಾ ಆಗಿತ್ತು. ‘ಅಗ್ನಿ ಮತ್ತು ಮಳೆ’ಯನ್ನು ಆಧರಿಸಿದ ಒಪೆರಾ ನಾಟಕದ ನಂತರ ಬಂತು. ಮೊದಲನೆಯದರಲ್ಲಿ ನಾಟಕಕ್ಕೂ ಒಪೆರಾಕ್ಕೂ ಮೂಲ ಒಂದೇ. ಎರಡನೆಯದರಲ್ಲಿ ನಾಟಕವೇ ಮೂಲ. ಈ ಎರಡು ಬಗೆಯ ಸಂಬಂಧಗಳನ್ನು ಬೇರೆಬೇರೆಯಾಗಿ ಗುರುತಿಸುವುದು, ಪ್ರತಿಯೊಂದರಲ್ಲೂ ಯಾವ ಭಾಷೆಯ ಯಾವ ಪಠ್ಯ ಹಾಡಾಯಿತು ಎಂದು ಕೇಳುವುದು ಈ ಟಿಪ್ಪಣಿಯ ಸೀಮಿತ ಉದ್ದೇಶ. ಕನ್ನಡವೇ ಹಾಡಾದ ರಂಗಪ್ರಯೋಗಗಳನ್ನು, ಅದರಲ್ಲೂ ದಾವಣಗೆರೆ–ಹರಿಹರ ಸೀಮೆಯ ಕಂಪನಿ ನಾಟಕವನ್ನು, ಹೋಲಿಕೆಗೆ ಬೇಕಾದಷ್ಟೇ ತೆಗೆದುಕೊಳ್ಳಲಾಗಿದೆ.

ಇಲ್ಲಿ ‘ಒಪೆರಾ’ ಎಂದರೆ ಸಂಯೋಜಕರು ಸ್ವರಲಿಪಿಯಲ್ಲಿ ಬರೆದಿಟ್ಟ, ಮಾತಿನ ಹೆಚ್ಚಿನ ಭಾಗ ಹಾಡಾಗಿರುವ ರಂಗಕೃತಿ. ‘ಛೇಂಬರ್ ಒಪೆರಾ’ ಎಂದರೆ ಅದೇ ಬಗೆಯ, ಆದರೆ ಬೆರಳೆಣಿಕೆಯ ಗಾಯಕರು ಮತ್ತು ವಾದ್ಯಗಾರರಿಗೆ ಬರೆದ ಕೃತಿ. ಹಾಡುಗಳಿರುವ ನಾಟಕ ಈ ಎರಡರಲ್ಲಿ ಯಾವುದೂ ಅಲ್ಲ. ಈ ವಿಂಗಡಣೆ ಅನುಕೂಲಕ್ಕಾಗಿ ಮಾಡಿಕೊಂಡದ್ದು. ಗುಣದ ತಾರತಮ್ಯ ಇದರಲ್ಲಿಲ್ಲ.

2. ದಿನಾಂಕಗಳು ಮತ್ತು ಹೆಸರುಗಳು

2.1. ‘ಹಯವದನ’ಕ್ಕೆ ಬೇರೆಬೇರೆ ಪಟ್ಟಿಗಳಲ್ಲಿ 1970, 1971, 1972 ಎಂಬ ಮೂರು ವರ್ಷಗಳು ಕಾಣುತ್ತವೆ. ರಚನೆ, ಮುದ್ರಣ, ಮೊದಲ ಪ್ರದರ್ಶನಗಳನ್ನು ಒಂದೇ ಕಲಮಿನಲ್ಲಿ ಬೆರೆಸಿದ್ದರ ಫಲ ಇದಾಗಿರುವ ಸಂಭವ ಹೆಚ್ಚು. ಇಲ್ಲಿ ಮುದ್ರಣದ 1971ನ್ನು ಹಿಡಿಯಲಾಗಿದೆ. ಲೇಖಕರದೇ ಇಂಗ್ಲಿಷ್ ಅನುವಾದ ಪ್ರಕಟವಾದದ್ದು 1975ರಲ್ಲಿ.

2.2. ‘ಅಗ್ನಿ ಮತ್ತು ಮಳೆ’ಯ ಮುಂದೆ 1994 ಎಂದೂ 1995 ಎಂದೂ ಬರೆದಿರುವುದುಂಟು. ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರ್ ಬರೆಸಿದ ನಾಟಕ ಇದು. ಹಾಗಾಗಿ ಕಾರ್ಯಾಗಾರದ ಕರಡಿಗೂ ಅಚ್ಚಾದ ಪಠ್ಯಕ್ಕೂ ನಡುವೆ ಅಂತರ ಇರುವುದು ಸಹಜ. ಇಂಗ್ಲಿಷ್ ಪಠ್ಯ ‘ದಿ ಫೈರ್ ಅಂಡ್ ದಿ ರೇನ್’ 1998ರಲ್ಲಿ ಹೊರಬಂತು. ಹಿಂದಿ ಅನುವಾದದ ಹೆಸರು ‘ಅಗ್ನಿ ಔರ್ ಬರ್ಖಾ’.

2.3. ‘ಅಗ್ನಿ ಮತ್ತು ಮಳೆ’ಯನ್ನು ಆಧರಿಸಿದ ಒಪೆರಾದ ಹೆಸರು ‘ಅಗ್ನಿವರ್ಷ’. ಅದು ಕಾರ್ನಾಡರ ಇದೇ ಹೆಸರಿನ ನಾಟಕವನ್ನು ಆಧರಿಸಿದೆ ಎಂದು ಬರೆಯುವ ರೂಢಿ ಇದೆ. ಆ ಹೆಸರಿನ ನಾಟಕ ಕನ್ನಡದಲ್ಲಿಲ್ಲ. 2002ರಲ್ಲಿ ಅರ್ಜುನ್ ಸಜ್ನಾನಿ ನಿರ್ದೇಶಿಸಿದ, ಹಂಪಿಯಲ್ಲಿ ಚಿತ್ರೀಕರಣಗೊಂಡ ಹಿಂದಿ ಚಲನಚಿತ್ರದ ಹೆಸರು ‘ಅಗ್ನಿವರ್ಷ’. ಆ ಚಿತ್ರದ ಸಂಗೀತ ಸಂದೇಶ್ ಶಾಂಡಿಲ್ಯರದು. ಒಪೆರಾ ಸಂಯೋಜಕ ವನರಾಜ್ ಭಾಟಿಯಾರದು. ಗ್ರಂಥಸೂಚಿ ಮಾಡುವವರು ಈ ಎರಡನ್ನು ಒಂದೇ ನಮೂದಿನಡಿ ಸೇರಿಸದಿರುವುದು ಒಳ್ಳೆಯದು.

3. ‘ಹಯವದನ’: ಸಮಾನ ಮೂಲ

3.1. ಮೂಲ ಕಥೆ ಸೋಮದೇವನ (11ನೆಯ ಶತಮಾನ) ಕಥಾಸರಿತ್ಸಾಗರದ ಬೇತಾಳ ಕಥೆಗಳಲ್ಲಿದೆ. ಅಲ್ಲಿ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುವವರು ಮದನಸುಂದರಿಯ ಗಂಡ ಮತ್ತು ಅವಳ ಅಣ್ಣ. ತಲೆಗಳು ಅದಲುಬದಲಾದ ಮೇಲೆ ಗಂಡ ಯಾರು ಎಂಬ ಬೇತಾಳನ ಪ್ರಶ್ನೆಗೆ ತಲೆಯೇ ಪ್ರಧಾನ ಎಂದು ವಿಕ್ರಮ ಉತ್ತರ ಕೊಟ್ಟಲ್ಲಿಗೆ ಕಥೆ ಮುಗಿಯುತ್ತದೆ. ಭಾರತಶಾಸ್ತ್ರಜ್ಞ ಹೈನ್ರಿಖ್ ಸಿಮ್ಮರ್ ಅವರ ಮೂಲಕ ಈ ಕಥೆ ಟಾಮಸ್ ಮಾನ್ ಅವರಿಗೆ ತಲುಪಿತು. ಮಾನ್ ಅವರ ಜರ್ಮನ್ ನೀಳ್ಗತೆ 1940ರದು. ‘ದಿ ಟ್ರಾನ್ಸ್‌ಪೋಸ್ಡ್ ಹೆಡ್ಸ್’ ಎಂಬ ಇಂಗ್ಲಿಷ್ ಅನುವಾದ 1941ರದು. ಮಾನ್ ಅಣ್ಣನ ಜಾಗಕ್ಕೆ ಗೆಳೆಯನನ್ನು ತಂದರು ಮತ್ತು ವಿಕ್ರಮನ ಉತ್ತರದ ನಂತರ ಏನಾಗುತ್ತದೆ ಎಂದು ಕೇಳಿದರು. ಗೆಳೆಯನನ್ನೂ ಆ ಪ್ರಶ್ನೆಯನ್ನೂ ಕಾರ್ನಾಡರು ಮಾನ್ ಅವರಿಂದಲೇ ಪಡೆದರು.

3.2. ಆಸ್ಟ್ರೇಲಿಯಾ ಮೂಲದ ಸಂಯೋಜಕಿ ಪೆಗ್ಗಿ ಗ್ಲಾನ್‌ವಿಲ್-ಹಿಕ್ಸ್ (1912–1990) ಇದೇ ನೀಳ್ಗತೆಯಿಂದ ಆರು ದೃಶ್ಯಗಳ ಒಪೆರಾ ಬರೆದರು. ಹೆಸರು ಮಾನ್ ಅವರ ಇಂಗ್ಲಿಷ್ ಶೀರ್ಷಿಕೆಯದೇ. ಪಠ್ಯವನ್ನು ಸಂಯೋಜಕಿಯೇ ಸಿದ್ಧಪಡಿಸಿದರು. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 1954ರಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. ಅಂದರೆ ‘ಹಯವದನ’ ಅಚ್ಚಾಗುವುದಕ್ಕೆ 17 ವರ್ಷ ಮೊದಲು. ಆ ಕಾಲದ ಪಾಶ್ಚಾತ್ಯ ಸಂಗೀತದ ಭಾರವಾದ ಸ್ವರಮೇಳವನ್ನು ಹಿಂದಕ್ಕೆ ಸರಿಸಿ ರಾಗದ ಎಳೆ ಮತ್ತು ಲಯ ಎರಡರ ಮೇಲೆ ಕೃತಿ ಕಟ್ಟುವುದು ಅವರ ಸಿದ್ಧಾಂತವಾಗಿತ್ತು. ಭಾರತೀಯ ಸಂಗೀತದ ವಸ್ತು ಅದಕ್ಕೆ ಒದಗಿಬಂತು.

3.3. ಒಪೆರಾ ನಾಟಕದ ಮೇಲೆ ಪ್ರಭಾವ ಬೀರಿತು ಎನ್ನಲು ಕಾಲಕ್ರಮವೊಂದೇ ಸಾಲದು. ಎರಡೂ ಮಾನ್ ಅವರಿಂದ ಸ್ವತಂತ್ರವಾಗಿ ಕವಲೊಡೆದವು ಎಂದಿಟ್ಟುಕೊಂಡರೆ ಈಗಿರುವ ಸಾಮ್ಯಗಳೆಲ್ಲ ವಿವರಣೆಗೆ ಸಿಗುತ್ತವೆ. ಒಪೆರಾದಲ್ಲಿರುವುದು ಮಾನ್ ಅವರ ಶ್ರೀದಾಮನ್, ನಂದ, ಸೀತಾ. ನಾಟಕದಲ್ಲಿ ದೇವದತ್ತ, ಕಪಿಲ, ಪದ್ಮಿನಿ.

3.4. ಸಾಮ್ಯಕ್ಕಿಂತ ವ್ಯತ್ಯಾಸ ಹೆಚ್ಚು ಬೆಲೆಯುಳ್ಳದ್ದು. ಕುದುರೆ ತಲೆಯ ಹಯವದನ ಮಾನ್ ಅವರಲ್ಲಿಲ್ಲ, ಆದ್ದರಿಂದ ಒಪೆರಾದಲ್ಲೂ ಇಲ್ಲ. ಅವನು ಕಾರ್ನಾಡರ ಸೃಷ್ಟಿ. ಸಂಗೀತದ ದೃಷ್ಟಿಯಿಂದ ನೋಡಿದರೆ ಈ ಕಥೆಯನ್ನು ಹೊತ್ತ ಪಠ್ಯಗಳಲ್ಲೆಲ್ಲ ಅತ್ಯಂತ ಫಲವತ್ತಾದ ಭಾಗ ಅವನದೇ ಎಂದು ವಾದಿಸಬಹುದು. ಹಯವದನ ಪೂರ್ಣ ಮನುಷ್ಯನಾಗಲು ಹೊರಟವನು. ಕಾಳಿ ಅವನನ್ನು ಪೂರ್ಣ ಕುದುರೆಯಾಗಿಸುತ್ತಾಳೆ. ಆದರೆ ಕಂಠ ಮಾತ್ರ ಮನುಷ್ಯನದೇ ಉಳಿಯುತ್ತದೆ. ಅದನ್ನು ಕಳೆದುಕೊಳ್ಳಲು ಅವನು ದೇಶಭಕ್ತಿಗೀತೆಗಳನ್ನೂ ರಾಷ್ಟ್ರಗೀತೆಯನ್ನೂ ಹಾಡುತ್ತ ತಿರುಗುತ್ತಾನೆ. ಕೊನೆಗೆ ಪದ್ಮಿನಿಯ, ಮಾತು ಬಿಟ್ಟ ಮಗುವಿನ ಜೊತೆ ನಗುವಾಗ ಅವನ ನಗುವೇ ಹೇಷಾರವವಾಗಿ ತಿರುಗುತ್ತದೆ. ಹಾಡು, ನಗು, ಕೆನೆತ ಎಂಬ ಈ ಮೂರು ಹಂತಗಳನ್ನು ಒಂದೇ ಕಂಠ ದಾಟಬೇಕು. ಕಂಠವೇ ಕಥಾವಸ್ತುವಾದ ಇಂಥ ಪ್ರಸಂಗವನ್ನು ಒಪೆರಾ ಸಂಯೋಜಕರು ಹುಡುಕಿಕೊಂಡು ಹೋಗಬೇಕು. ಇಲ್ಲಿ ಅದು ಕನ್ನಡ ನಾಟಕದಲ್ಲಿ ಬರೆದಿಟ್ಟೇ ಇದೆ, ಮತ್ತು 1954ರ ಕೃತಿಗೆ ಅದು ಸಿಗುವ ಸಾಧ್ಯತೆಯೇ ಇರಲಿಲ್ಲ.

3.5. ಭಾಗವತ ಮತ್ತು ಹೆಂಗಸರ ಮೇಳ ನಾಟಕದಲ್ಲಿ ಹಾಡಿನ ಮೂಲಕ ನಿರೂಪಣೆ ನಡೆಸುತ್ತಾರೆ. ಬಿ.ವಿ. ಕಾರಂತರು (1929–2002) ಕನ್ನಡ ಪ್ರಯೋಗಕ್ಕೆ ಕೊಟ್ಟ ಸಂಗೀತವು ನಾಟಕದ ಪದಗಳಿಂದ ಹುಟ್ಟಿದ್ದು. ಕನ್ನಡದ ಪದ ಮೊದಲು, ರಾಗ ಆಮೇಲೆ. ಈ ಅನುಕ್ರಮ 6ನೆಯ ಭಾಗದಲ್ಲಿ ಮತ್ತೆ ಬೇಕಾಗುತ್ತದೆ.

4. ಒಂದು ಸಾಮಾನ್ಯ ಗುರುಪೀಠ

ಗ್ಲಾನ್‌ವಿಲ್-ಹಿಕ್ಸ್ 1930ರ ದಶಕದಲ್ಲಿ ಲಂಡನ್ನಿನಲ್ಲಿ ವಾನ್ ವಿಲಿಯಮ್ಸ್ ಅವರ ಬಳಿ, ಆಮೇಲೆ ಪ್ಯಾರಿಸ್ಸಿನಲ್ಲಿ ನಾದಿಯಾ ಬುಲಾಂಜೆ ಅವರ ಬಳಿ ಕಲಿತವರು. ವನರಾಜ್ ಭಾಟಿಯಾ (1927–2021) ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಓದಿ 1950ರ ದಶಕದ ಉತ್ತರಾರ್ಧದಲ್ಲಿ ಅದೇ ಬುಲಾಂಜೆ ಅವರಲ್ಲಿ ಕಲಿತರು. ಕಾರ್ನಾಡರ ಕಥಾಲೋಕದ ಎರಡು ಬದಿಗಳಲ್ಲಿ ನಿಂತ ಈ ಇಬ್ಬರು ಸಂಯೋಜಕರಿಗೆ ಗುರು ಒಬ್ಬರೇ. ಇದರಿಂದ ಶೈಲಿಯ ಸಾಮ್ಯವನ್ನು ಊಹಿಸುವುದು ಅವಸರ: ಬುಲಾಂಜೆ ಅವರ ಶಿಷ್ಯಬಳಗ ಬಹಳ ದೊಡ್ಡದು, ಅದರಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ಆದರೂ ಇದು ದಾಖಲಾಗಬೇಕಾದ ಸಂಗತಿ.

5. ‘ಅಗ್ನಿ ಮತ್ತು ಮಳೆ’: ನಾಟಕವೇ ಮೂಲ

5.1. ನಾಟಕಕ್ಕೆ ಆಧಾರವಾದ ಯವಕ್ರೀತನ ಉಪಾಖ್ಯಾನ ಮಹಾಭಾರತದ ವನಪರ್ವದಲ್ಲಿದೆ. ಅಧ್ಯಾಯಗಳನ್ನು ಸಾಮಾನ್ಯವಾಗಿ 135ರಿಂದ 138 ಎಂದು ಸೂಚಿಸುತ್ತಾರೆ. ಮುದ್ರಣದಿಂದ ಮುದ್ರಣಕ್ಕೆ ಸಂಖ್ಯೆ ಸ್ವಲ್ಪ ಸರಿಯುತ್ತದೆ. ತೀರ್ಥಯಾತ್ರೆಯ ನಡುವೆ ಲೋಮಶ ಋಷಿ ಯುಧಿಷ್ಠಿರನಿಗೆ ಹೇಳುವ ಕಥೆ ಇದು. ಮೂಲದಿಂದ ನಾಟಕ ದೂರ ಸರಿದ ಕಡೆಗಳಲ್ಲಿ ಸಂಗೀತಕ್ಕೆ ಸಂಬಂಧಪಟ್ಟ ನಾಲ್ಕನ್ನು ಇಲ್ಲಿ ಗುರುತಿಸಬಹುದು.

(ಅ) ಮೂಲದಲ್ಲಿ ಋಷಿ ರೈಭ್ಯ ಯವಕ್ರೀತನನ್ನು ಕೊಲ್ಲಲು ತನ್ನ ಜಟೆಯಿಂದ ಇಬ್ಬರನ್ನು ಹುಟ್ಟಿಸುತ್ತಾನೆ: ಸೊಸೆಯ ರೂಪದ ಒಬ್ಬ ಹೆಣ್ಣು ಮತ್ತು ಒಬ್ಬ ರಾಕ್ಷಸ. ಯವಕ್ರೀತನ ಕಮಂಡಲವನ್ನು ಕಸಿಯುವುದು ಆ ಮಾಯೆಯ ಹೆಣ್ಣು. ನಾಟಕದಲ್ಲಿ ನಿಜವಾದ ಸೊಸೆ ವಿಶಾಖೆಯೇ ಮಂತ್ರಿಸಿದ ನೀರನ್ನು ನೆಲಕ್ಕೆ ಚೆಲ್ಲುತ್ತಾಳೆ. ಮಾಯೆ ಮಾಡಿದ ಕೆಲಸವನ್ನು ಪಾತ್ರವೊಂದರ ನಿರ್ಧಾರವಾಗಿ ಬದಲಾಯಿಸಿದ್ದರಿಂದ ಆ ಕ್ಷಣಕ್ಕೆ ಹಾಡುವ ಧ್ವನಿಯೊಂದು ದಕ್ಕಿತು.

(ಆ) ಮೂಲದಲ್ಲಿ ರೈಭ್ಯನ ಮಗ ಪರಾವಸು ತಂದೆಯನ್ನು ಜಿಂಕೆಯೆಂದು ಭ್ರಮಿಸಿ ಕೊಲ್ಲುತ್ತಾನೆ. ನಾಟಕದಲ್ಲಿ ತಿಳಿದೇ ಕೊಲ್ಲುತ್ತಾನೆ.

(ಇ) ಮೂಲದಲ್ಲಿ ಯಜ್ಞ ಬೃಹದ್ದ್ಯುಮ್ನ ರಾಜನದು; ಕಥೆಯನ್ನು ನಡೆಸುವುದು ಬರ ಅಲ್ಲ. ನಾಟಕದಲ್ಲಿ ಮಳೆಗಾಗಿ ಏಳು ವರ್ಷದ ಯಜ್ಞ ನಡೆಯುತ್ತಿದೆ. ನೀರನ್ನು ತಡೆದ ವೃತ್ರ ಮತ್ತು ಅವನನ್ನು ಕೊಂದ ಇಂದ್ರನ ವೈದಿಕ ಕಥೆಯನ್ನು ಕಾರ್ನಾಡರು ನಾಟಕದೊಳಗಿನ ನಾಟಕವಾಗಿ ಸೇರಿಸಿದ್ದಾರೆ.

(ಈ) ಬೇಡರ ಹುಡುಗಿ ನಿತ್ತಿಲೆ ಮೂಲದಲ್ಲಿಲ್ಲ. ಮೂಲದಲ್ಲಿ ಪರಾವಸುವಿನ ತಮ್ಮ ಅರ್ವಾವಸು ಸತ್ತವರೆಲ್ಲ ಬದುಕಿ ಬರಲಿ ಎಂದು ವರ ಬೇಡುತ್ತಾನೆ, ಬರುತ್ತಾರೆ. ನಾಟಕದ ಅರವಸು ನಿತ್ತಿಲೆಯ ಜೀವ ಮತ್ತು ರೈಭ್ಯ ಕರೆಸಿದ ಬ್ರಹ್ಮರಾಕ್ಷಸನ ಬಿಡುಗಡೆ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಅವನು ಬಿಡುಗಡೆಯನ್ನು ಆರಿಸುತ್ತಾನೆ, ಮಳೆ ಬರುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಭದ್ರಾ ನಾಲೆಯ ನೀರುಣ್ಣುವ ಭಾಗಗಳನ್ನು ಬಿಟ್ಟರೆ ದಾವಣಗೆರೆ ತಾಲ್ಲೂಕಿನಲ್ಲಿ, ವಿಶೇಷವಾಗಿ ಆನಗೋಡು ಹೋಬಳಿಯ ಕಡೆ, ಬೇಸಾಯ ಬಹುಕಾಲ ಮಳೆಯನ್ನೇ ನಂಬಿಕೊಂಡಿತ್ತು. ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸುವ 22 ಕೆರೆಗಳ ಯೋಜನೆ ಹುಟ್ಟಿದ್ದು ಈ ಕಾರಣಕ್ಕೆ. ಇಂಥ ಕಡೆ ಈ ನಾಟಕ ನೋಡುವವರಿಗೆ ಕೊನೆಯ ಮಳೆ ಬರಿಯ ಸಂಕೇತವಾಗಿ ಕಾಣಲಾರದು. ಸಂಯೋಜಕರಿಗೆ ಇದು ಲಕ್ಷ್ಯದಲ್ಲಿಡಬೇಕಾದ ವಿಷಯ. ಮಳೆಗೆ ವಿಜಯದ ಸಂಗೀತ ಕೊಟ್ಟರೆ ನಿತ್ತಿಲೆಯ ಸಾವು ಮುಚ್ಚಿಹೋಗುತ್ತದೆ. ಶೋಕದ ಸಂಗೀತ ಕೊಟ್ಟರೆ ಬರದ ಜನರ ಸಂತೋಷವನ್ನು ನಾಟಕ ಅಲ್ಲಗಳೆದಂತಾಗುತ್ತದೆ. ನಾಟಕ ಎರಡನ್ನೂ ಒಟ್ಟಿಗೆ ಹಿಡಿದಿದೆ.

5.2. ಭಾಟಿಯಾ ಕನ್ನಡಿಗರಿಗೆ ಪರಿಚಿತರಾದದ್ದು ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ (1974), ‘ಭೂಮಿಕಾ’ (1977) ಮುಂತಾದ ಚಿತ್ರಗಳ ಮತ್ತು ದೂರದರ್ಶನದ ‘ಭಾರತ್ ಏಕ್ ಖೋಜ್’ (1988) ಸರಣಿಯ ಸಂಗೀತದಿಂದ. ‘ಭಾರತ್ ಏಕ್ ಖೋಜ್’ ಶೀರ್ಷಿಕೆ ಗೀತೆಯಲ್ಲಿ ಋಗ್ವೇದದ ಸೂಕ್ತಗಳಿಗೆ ಅವರು ವೃಂದಗಾನ ಹೆಣೆದಿದ್ದರು. ಆದ್ದರಿಂದ ವೈದಿಕ ಪಠ್ಯಕ್ಕೆ ಪಾಶ್ಚಾತ್ಯ ವೃಂದಗಾನದ ರೂಪ ಕೊಡುವ ಪ್ರಯತ್ನ ಅವರಲ್ಲಿ ‘ಅಗ್ನಿವರ್ಷ’ಕ್ಕಿಂತ ಹಳೆಯದು. ವಾದ್ಯಸಂಗೀತದಲ್ಲಿ ಪಿಯಾನೊ ‘ಫ್ಯಾಂಟೇಸಿಯಾ ಅಂಡ್ ಫ್ಯೂಗ್’ (1999), ತಂತಿವಾದ್ಯಗಳ ‘ಸಿಂಫೋನಿಯಾ ಕನ್ಸರ್ಟಾಂಟೆ’ (2001), ಚೆಲ್ಲೊ ವಾದ್ಯಕ್ಕೆ ಬರೆದ ‘ರೆವರಿ’ ಹೆಸರಾದವು. ಚೆಲ್ಲೊ ವಾದಕ ಯೋ-ಯೋ ಮಾ 2019ರ ಜನವರಿಯಲ್ಲಿ ಮುಂಬೈಯಲ್ಲಿ ‘ರೆವರಿ’ ನುಡಿಸಿದರು.

5.3. ‘ಅಗ್ನಿವರ್ಷ’ದ ಮೊದಲ ಎರಡು ಅಂಕಗಳು 2012ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಸೊಪ್ರಾನೊ ಜುಡಿತ್ ಕೆಲ್ಲಾಕ್ ಒಂದು ಮುಖ್ಯ ಪಾತ್ರ ಹಾಡಿದರು. ಆ ದಶಕದ ಕೊನೆಯಲ್ಲೂ ಭಾಟಿಯಾ ಕೃತಿಯ ಮೇಲೆ ಕೆಲಸ ಮಾಡುತ್ತಿದ್ದರು. ಹಾಡಿನ ಭಾಷೆ ಇಂಗ್ಲಿಷ್.

ಕಾರ್ನಾಡರ ನಾಟಕದ ರಚನೆ ಹೀಗಿದೆ: ಪ್ರಸ್ತಾವನೆ, ಮೂರು ಅಂಕ, ಉಪಸಂಹಾರ. ವೃತ್ರನ ಮುಖವಾಡ ತೊಟ್ಟು ಅರವಸು ಆವೇಶಗೊಳ್ಳುವುದು, ಯಜ್ಞಶಾಲೆ ಉರಿಯುವುದು, ಮಳೆ, ಇವೆಲ್ಲ ಉಪಸಂಹಾರದಲ್ಲಿವೆ. ಒಪೆರಾದ ಅಂಕವಿಭಾಗ ನಾಟಕದ್ದನ್ನೇ ಹಿಂಬಾಲಿಸಿದೆ ಎಂದಾದರೆ, 2012ರ ಪ್ರೇಕ್ಷಕರು ಕೇಳಿದ್ದು ಯವಕ್ರೀ, ವಿಶಾಖೆ, ರೈಭ್ಯ, ಪರಾವಸುಗಳ ಮನೆತನದ ಕಥೆ. ಬೆಂಕಿಯೂ ಮಳೆಯೂ ಅದರಲ್ಲಿ ಇರಲಿಕ್ಕಿಲ್ಲ. ಈ ತೀರ್ಮಾನ ಷರತ್ತಿಗೆ ಒಳಪಟ್ಟದ್ದು. ಆದರೂ ‘ಅಗ್ನಿ ಮತ್ತು ಮಳೆ ಒಪೆರಾ ಆಗಿ ಪ್ರದರ್ಶನಗೊಂಡಿತು’ ಎಂದು ಬರೆಯುವಾಗ ‘ಎರಡು ಅಂಕ’ ಎಂಬ ಮಿತಿಯನ್ನು ಬಿಡಬಾರದು.

5.4. ಹೋಲಿಕೆಗೆ ಒಂದು ಹಳೆಯ ಉದಾಹರಣೆ ವನಪರ್ವದಿಂದಲೇ ಸಿಗುತ್ತದೆ. ಇಂಗ್ಲಿಷ್ ಸಂಯೋಜಕ ಗುಸ್ತಾವ್ ಹೋಲ್ಸ್ಟ್ ಅವರ ಛೇಂಬರ್ ಒಪೆರಾ ‘ಸಾವಿತ್ರಿ’ 1908ರ ಸುಮಾರಿಗೆ ರಚನೆಯಾಗಿ 1916ರಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂತು. ಮೂವರು ಗಾಯಕರು, ಪದಗಳಿಲ್ಲದೆ ಹಾಡುವ ಹೆಂಗಸರ ಮೇಳ, 12 ವಾದ್ಯಗಾರರು (ಎರಡು ತಂತಿ ಚತುಷ್ಕ, ಒಂದು ಡಬಲ್ ಬಾಸ್, ಎರಡು ಕೊಳಲು, ಒಂದು ಕೋರ್ ಆಂಗ್ಲೆ), ಅರ್ಧ ಗಂಟೆಯ ಆಸುಪಾಸಿನ ಅವಧಿ. ಹೋಲ್ಸ್ಟ್ ಸಂಸ್ಕೃತ ಕಲಿತು, ಪಠ್ಯವನ್ನು ತಾವೇ ಇಂಗ್ಲಿಷಿನಲ್ಲಿ ಬರೆದುಕೊಂಡರು. ಅವರಿಗೂ ಮಹಾಭಾರತಕ್ಕೂ ನಡುವೆ ಬೇರೆ ನಾಟಕಕಾರರಿಲ್ಲ. ಭಾಟಿಯಾ ಮತ್ತು ವನಪರ್ವದ ನಡುವೆ ಕಾರ್ನಾಡರಿದ್ದಾರೆ, ಅವರ ಕನ್ನಡವಿದೆ, ಆ ಕನ್ನಡದಿಂದ ಬಂದ ಇಂಗ್ಲಿಷ್ ಇದೆ. ನಿತ್ತಿಲೆ ಒಪೆರಾಕ್ಕೆ ಬಂದದ್ದು ಈ ನಡುವಿನ ಕೊಂಡಿಯಿಂದಲೇ. ಹೀಗಿರುವಾಗ ‘ಮಹಾಭಾರತ ಆಧಾರಿತ ಒಪೆರಾ’ ಎಂಬ ವರ್ಣನೆ ಹೋಲ್ಸ್ಟ್‌ಗೆ ಸಲ್ಲುತ್ತದೆ, ಭಾಟಿಯಾಗೆ ಪೂರ್ತಿ ಸಲ್ಲುವುದಿಲ್ಲ.

6. ಕನ್ನಡವೇ ಹಾಡಾದ ಕಡೆ

6.1. ಮೇಲಿನ ಎರಡು ಒಪೆರಾಗಳಲ್ಲೂ ಕನ್ನಡ ಹಾಡಾಗಿಲ್ಲ. ಕನ್ನಡವನ್ನೇ ಉದ್ದಕ್ಕೂ ಹಾಡಿಸಿದ ಆಧುನಿಕ ಕೃತಿಗಳಿಗೆ ಪು.ತಿ. ನರಸಿಂಹಾಚಾರ್ಯರ (1905–1998) ಗೀತನಾಟಕಗಳತ್ತ ಹೋಗಬೇಕು: ‘ಅಹಲ್ಯೆ’ (1941), ‘ಗೋಕುಲ ನಿರ್ಗಮನ’ (1945), ಮತ್ತು 1966ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಂಸದಮಯಂತಿ ಮತ್ತು ಇತರ ರೂಪಕಗಳು’. ಇಲ್ಲಿ ಕವಿಯೇ ರಾಗ ಸಂಯೋಜಕ. ಪದ ಮತ್ತು ರಾಗಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಈ ಕೃತಿಗಳಲ್ಲಿ ಸ್ಪಷ್ಟ ಉತ್ತರ ಕೊಡುವುದು ಕಷ್ಟ. ಎರಡೂ ಒಟ್ಟಿಗೆ ಹುಟ್ಟಿದಂತೆ ತೋರುತ್ತದೆ. ‘ಗೋಕುಲ ನಿರ್ಗಮನ’ವನ್ನು ಕಾರಂತರು ರಂಗಕ್ಕೆ ತಂದದ್ದು ಈ ಧಾರೆಯನ್ನು ‘ಹಯವದನ’ದ ಧಾರೆಗೆ ಜೋಡಿಸುತ್ತದೆ.

6.2. ಕಂಪನಿ ನಾಟಕದಲ್ಲಿ ‘ಹಯವದನ’ದ ಪದ–ರಾಗ ಕ್ರಮ ತಿರುವುಮುರುವಾಗಿರುವುದೇ ಹೆಚ್ಚು. ದಾವಣಗೆರೆ ಈ ವೃತ್ತಿ ರಂಗಭೂಮಿಯ ದೊಡ್ಡ ನೆಲೆಗಳಲ್ಲೊಂದು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. 1988ರಲ್ಲಿ ಪದ್ಮಶ್ರೀ ಪಡೆದ, 2010ರಲ್ಲಿ ತೀರಿಕೊಂಡ ಚಿಂದೋಡಿ ಲೀಲಾ ಆ ಮನೆತನದವರು. ದಾವಣಗೆರೆ–ಹರಿಹರ ಸೀಮೆಯ ಸ್ಥಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಏಕೀಕರಣದ ಮೊದಲು ಹರಿಹರ ಮೈಸೂರು ಸಂಸ್ಥಾನದ ಅಂಚು. ಹೊಳೆ ದಾಟಿದರೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ದಕ್ಷಿಣದಲ್ಲಿ ಮೈಸೂರು ಅರಮನೆಯ ನಾಟಕಸಭೆ, ಬಸವಪ್ಪ ಶಾಸ್ತ್ರಿಗಳ ಶಾಕುಂತಲ ಅನುವಾದ, ಕರ್ನಾಟಕ ಸಂಗೀತ. ಉತ್ತರದಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ (ಪುಣೆ, 1880), ಹಿಂದುಸ್ತಾನಿ ಧಾಟಿಯ ನಾಟ್ಯಗೀತೆ. ಎರಡು ಕಡೆಯ ಕಂಪನಿಗಳೂ ಕ್ಯಾಂಪು ಹಾಕಲು ಅನುಕೂಲವಾಗಿದ್ದ ಈ ಸೀಮೆಯಲ್ಲಿ ಎರಡೂ ಧಾಟಿಗಳು ಬೆರೆತಿರಬೇಕು ಎಂಬುದು ಊಹೆ, ಆದರೆ ಬಲವಾದ ಊಹೆ.

6.3. ಕಂಪನಿ ನಾಟಕದ ಹಳೆಯ ಅಚ್ಚಿನ ಪುಸ್ತಕವೊಂದನ್ನು ತೆರೆದರೆ ಹಾಡಿನ ತಲೆಯ ಮೇಲೆ ರಾಗ, ತಾಳ, ಕೆಲವೊಮ್ಮೆ ‘ಮಟ್ಟು’ ನಮೂದಾಗಿರುತ್ತದೆ. ಮಟ್ಟು ಎಂದರೆ ಆಗಲೇ ಜನರ ಬಾಯಲ್ಲಿರುವ ಇನ್ನೊಂದು ಹಾಡಿನ ಧಾಟಿ. ಅದು ಕೀರ್ತನೆಯದಿರಬಹುದು, ಮರಾಠಿ ನಾಟ್ಯಪದದ್ದಿರಬಹುದು, ಸಿನಿಮಾದ್ದೂ ಇರಬಹುದು. ಅಂದರೆ ರಾಗ ಮೊದಲು, ಪದ ಆಮೇಲೆ. ಕವಿ ಬರೆಯುವಾಗಲೇ ಧಾಟಿ ಕಿವಿಯಲ್ಲಿರುತ್ತದೆ. ದೀರ್ಘಾಕ್ಷರಗಳು ಎಲ್ಲಿ ಬೀಳಬೇಕೆಂಬುದನ್ನು ಧಾಟಿ ತೀರ್ಮಾನಿಸುತ್ತದೆ. ರಂಗದ ಮುಂದೆ ಕಾಲುಪೆಟ್ಟಿಗೆಯ ಹಾರ್ಮೋನಿಯಂ ಮಾಸ್ತರು, ಪಕ್ಕದಲ್ಲಿ ತಬಲಾ. ಆನಗೋಡಿನಂಥ ಹೋಬಳಿ ಊರುಗಳಲ್ಲಿ ಜಾತ್ರೆ ಹಬ್ಬಗಳಿಗೆ ಊರ ಹುಡುಗರು ಕಟ್ಟುವ ನಾಟಕಕ್ಕೂ ಪಟ್ಟಣದಿಂದ ಸೀನರಿ ಬಂದಂತೆ ಮಾಸ್ತರೂ ಬರುತ್ತಾರೆ. ತಾಲೀಮಿನಲ್ಲಿ ಮಾಸ್ತರು ಹುಡುಗನ ಕಂಠಕ್ಕೆ ತಕ್ಕಂತೆ ಶ್ರುತಿ ಇಳಿಸುತ್ತಾರೆ, ಆಲಾಪ ಮೊಟಕು ಮಾಡುತ್ತಾರೆ; ಪ್ರದರ್ಶನದಲ್ಲಿ ‘ಒನ್ಸ್ ಮೋರ್’ ಕೂಗು ಬಿದ್ದರೆ ಹಾಡು ಮರಳುತ್ತದೆ, ದೃಶ್ಯದ ಅವಧಿ ಬೆಳೆಯುತ್ತದೆ. ಸ್ವರಲಿಪಿ ಇಲ್ಲ. 1ನೆಯ ಭಾಗದ ವ್ಯಾಖ್ಯೆಯ ಪ್ರಕಾರ ಇದು ಒಪೆರಾ ಅಲ್ಲ. ಆದರೆ ವಾದ್ಯಗಳ ಮಿತವ್ಯಯದಲ್ಲಿ, ಗಾಯಕನ ಕಂಠಕ್ಕೆ ಸಂಗೀತವನ್ನು ಹೊಂದಿಸುವ ಸೂಕ್ಷ್ಮದಲ್ಲಿ, ಇದು ಛೇಂಬರ್ ಒಪೆರಾಕ್ಕೆ ದೊಡ್ಡ ಒಪೆರಾಕ್ಕಿಂತ ಹತ್ತಿರ.

6.4. ಕಾರ್ನಾಡರ ನಾಟಕಗಳ ಲೋಕವೂ ಕಂಪನಿ ನಾಟಕದ ಲೋಕವೂ ಪರಸ್ಪರ ಅಪರಿಚಿತವಲ್ಲ. ಕಾರಂತರು ಬಾಲ್ಯದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿದ್ದವರು. ಕಾರ್ನಾಡರು ಶಿರಸಿಯಲ್ಲಿ ಕಂಪನಿ ನಾಟಕವನ್ನೂ ಯಕ್ಷಗಾನವನ್ನೂ ನೋಡಿ ಬೆಳೆದವರು. ‘ಹಯವದನ’ದ ಭಾಗವತ ಯಕ್ಷಗಾನದಿಂದ ಬಂದರೆ, ‘ಅಗ್ನಿ ಮತ್ತು ಮಳೆ’ಯ ನಾಟಕಮಂಡಳಿಯ ಯಜಮಾನನಲ್ಲಿ ಊರೂರು ತಿರುಗುವ ಕಂಪನಿ ಮಾಲೀಕನ ಛಾಯೆ ಇದೆ ಎನ್ನಲು ಅಡ್ಡಿಯಿಲ್ಲ.

7. ದಾಖಲೆಯ ರೂಪ

ಸಾಹಿತ್ಯದಿಂದ ಹುಟ್ಟಿದ ರಂಗಸಂಗೀತದ ಪ್ರತಿಯೊಂದು ಕೃತಿಗೂ ನಾಲ್ಕು ನಮೂದುಗಳು ಬೇಕು: ಹಾಡಾದ ಪಠ್ಯ, ಅದರ ಭಾಷೆ, ಪದ ಮತ್ತು ರಾಗಗಳ ಅನುಕ್ರಮ, ಸ್ವರಲಿಪಿ. ‘ದಿ ಟ್ರಾನ್ಸ್‌ಪೋಸ್ಡ್ ಹೆಡ್ಸ್’ ಒಪೆರಾಕ್ಕೆ ಮಾನ್ ಅವರಿಂದ ಸಂಯೋಜಕಿ ಕಟ್ಟಿದ ಪಠ್ಯ, ಇಂಗ್ಲಿಷ್, ಪದ ಮೊದಲು, ಸ್ವರಲಿಪಿ ಉಂಟು. ‘ಅಗ್ನಿವರ್ಷ’ಕ್ಕೆ ಕಾರ್ನಾಡರ ನಾಟಕ, ಇಂಗ್ಲಿಷ್, ಪದ ಮೊದಲು, ಸ್ವರಲಿಪಿ ಉಂಟು. ಕಂಪನಿ ನಾಟಕದ ಅಚ್ಚಿನ ಪುಸ್ತಕಗಳು ಮೊದಲ ಮೂರು ನಮೂದುಗಳನ್ನು ತಮ್ಮ ರಾಗ–ತಾಳ–ಮಟ್ಟುಗಳ ಸಾಲಿನಲ್ಲಿ ತಾವೇ ಕೊಟ್ಟಿವೆ. ನಾಲ್ಕನೆಯದು ಹಾರ್ಮೋನಿಯಂ ಮಾಸ್ತರುಗಳ ಕೈಯಲ್ಲಿದೆ. ವೃತ್ತಿ ರಂಗಭೂಮಿಗೆಂದೇ ಮೀಸಲಾದ ರಂಗಾಯಣ ದಾವಣಗೆರೆಯಲ್ಲಿಯೇ ಇರುವುದರಿಂದ, ಹಿರಿಯ ಮಾಸ್ತರುಗಳನ್ನು ಕೂರಿಸಿ ಮಟ್ಟು ಮಟ್ಟಾಗಿ ನುಡಿಸಿ ಸ್ವರ ಹಾಕಿಸುವ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಅಚ್ಚಿನ ಪುಸ್ತಕದಲ್ಲಿ ಹೆಸರು ಮಾತ್ರ ಉಳಿದು ಧಾಟಿ ಮರೆತುಹೋಗುತ್ತಿರುವ ಮಟ್ಟುಗಳಿಂದ ಅದನ್ನು ಶುರುಮಾಡುವುದು ಯುಕ್ತ.